ಕಾಗೆ, ರೈಲು, ಶಾವಿಗೆ

ನಿಜ ಹೇಳೋದಕ್ಕೆ ಕನ್ನಡದಲ್ಲಿ ಇರುವುದು ಒಂದೇ ದಾರಿ, ನಿಜ ಹೇಳೋದು. ಸುಳ್ಳಿಗೆ ಮಾತ್ರ ನೂರೆಂಟು. ಓಳು ಬಿಡಬಹುದು, ಬುರುಡೆ ಬಿಡಬಹುದು, ಬೂಸಿ ಬಿಡಬಹುದು, ರೀಲು ಬಿಡಬಹುದು, ಏನೂ ಬಿಡಲು ಮನಸ್ಸಿಲ್ಲದಿದ್ದರೆ ಕಾಗೆ ಹಾರಿಸಬಹುದು. ಇದು ಸಾಲದು ಅಂತ ಬೆಂಗಳೂರಿನ ಹುಡುಗರು ಪುಂಗುತ್ತಾರೆ. ನಿಘಂಟು ಎಲ್ಲಕ್ಕೂ 'ಸುಳ್ಳು' ಅಂತ ಬರೆದು ಕೈ ತೊಳೆದುಕೊಳ್ಳಬಹುದು. ಆಡುವವರಿಗೆ ಯಾವುದು ಯಾವಾಗ ಅಂತ ಚೆನ್ನಾಗಿ ಗೊತ್ತು.

ಓಳು ದಿನಬಳಕೆಯ ಸರಕು. ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ನಿಂತವನು ಫೋನ್ ಹಚ್ಚುತ್ತಾನೆ. "ಎಲ್ಲಿದ್ದೀಯ ಮಗಾ?"

"ಸಿಲ್ಕ್ ಬೋರ್ಡ್ ಹತ್ರ ಜಾಮ್ ಗುರು. ಹತ್ತೇ ನಿಮಿಷ."

"ಓಳ್ ಬಿಡ್ಬೇಡ. ಹಿಂದೆ ಕುಕ್ಕರ್ ಕೂಗ್ತಿದೆ."

ಅಷ್ಟೇ, ಮುಗಿಯಿತು. ಇಬ್ಬರೂ ನಗುತ್ತಾರೆ. ಇದೇ ಜಾಗದಲ್ಲಿ "ನೀನು ಸುಳ್ಳು ಹೇಳುತ್ತಿದ್ದೀಯ" ಅಂದು ನೋಡಿ, ಆ ಸ್ನೇಹಿತ ಮುಂದಿನ ಕಾಫಿಗೂ ಬರುವುದಿಲ್ಲ. ಸಿಕ್ಕಿಬಿದ್ದೆ ಅಂತ ಹೇಳಬೇಕು, ಮಾನವನ್ನೂ ಉಳಿಸಬೇಕು. ಈ ಕೆಲಸ ಶುದ್ಧ ಕನ್ನಡದ ಕೈಲಿ ಆಗಲ್ಲ.

ರೈಲು ಬಿಡೋದರ ಲೆಕ್ಕವೇ ಬೇರೆ. ಅದಕ್ಕೆ ಬೋಗಿಗಳು ಬೇಕು. ಮಿನಿಸ್ಟರ್ ಪರಿಚಯ, ದುಬೈನಲ್ಲಿ ಬಿಸಿನೆಸ್ಸು, ಬಾವನಿಗೆ ಸಿನಿಮಾದಲ್ಲಿ ಚಾನ್ಸು, ಹೀಗೆ ಒಂದರ ಹಿಂದೆ ಒಂದು ಬರುತ್ತಲೇ ಇರಬೇಕು. ಬೆಂಗಳೂರಿಗೆ ಜೋಲಾರಪೇಟೆ ಕಡೆಯಿಂದ ರೈಲು ಬಂದದ್ದು 1864ರಲ್ಲಿ. ಅದಕ್ಕೂ ಮುಂಚೆ ಊರಿನ ಬಡಾಯಿಗಾರರು ಏನು ಬಿಡುತ್ತಿದ್ದರೋ ಪಾಪ. ಎತ್ತಿನ ಗಾಡಿ ಬಿಟ್ಟರೆ ಅಷ್ಟು ಗತ್ತು ಬರಲ್ಲ, ಅಲ್ವಾ?

ಇನ್ನು ಕೆಲವು ಮಾತು ಬೀದಿಯಿಂದ ಪತ್ರಿಕೆಗೇ ಬಡ್ತಿ ಪಡೆದಿವೆ. ಕಳ್ಳ ಸುಮ್ನೆ ಓಡಿಹೋದ ಅಂತ ಯಾವ ವರದಿಗಾರನೂ ಬರೆಯುವುದಿಲ್ಲ. ಅವನು ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿಯೇ ಪರಾರಿಯಾಗಬೇಕು. ಕೈಗೆ ಬಾಯಿಗೆ ಅಂಟುವ ಆ ಹಣ್ಣನ್ನು ಕಣ್ಣಾರೆ ಕಂಡವರು ಈಗ ಕಡಿಮೆ. ತಿಂದ ಪೊಲೀಸರು ಮಾತ್ರ ಜಾಸ್ತಿ.

ನಾವಷ್ಟೇ ಹೀಗೆ ಅಂದುಕೊಳ್ಳಬೇಡಿ. ಫ್ರೆಂಚರು ಕಟ್ಟುಕತೆ ಹೇಳುವವನನ್ನು ಸಲಾಡ್ ಹೇಳ್ತಾನೆ ಅನ್ನುತ್ತಾರೆ. ಜರ್ಮನರು ಎದುರಿನವನ ಮೈಗೆ ಕರಡಿ ಕಟ್ಟಿ ಕಳಿಸುತ್ತಾರೆ, ಅವನಿಗೆ ಅದು ಗೊತ್ತೇ ಆಗಲ್ಲವಂತೆ! ನನಗೆ ಹೆಚ್ಚು ಇಷ್ಟ ರಷ್ಯನ್ನರದು. ಅಲ್ಲಿ ಸುಳ್ಳು ಹೇಳುವವನು ಕೇಳುವವನ ಕಿವಿಗೆ ಶಾವಿಗೆ ನೇತುಹಾಕುತ್ತಾನೆ. ನಾವು ಕಿವಿ ಮೇಲೆ ಹೂ ಇಡುತ್ತೇವೆ. ತಮಿಳರು, ತೆಲುಗರೂ ಹೂವನ್ನೇ ಆರಿಸಿಕೊಂಡಿದ್ದಾರೆ. ಮೋಸಕ್ಕೂ ಹೂವೇ ಬೇಕು ಅನ್ನುವ ದಕ್ಷಿಣದವರ ಮರ್ಯಾದೆ ನೋಡಿ.

ಲಂಡನ್ನಿನ ಪೂರ್ವದ ಕಾಕ್ನಿಗಳದು ಇನ್ನೂ ಸುತ್ತುಬಳಸು. 'ಲೈಸ್' ಅಂದರೆ ಸುಳ್ಳುಗಳು, ಅದಕ್ಕೆ ಪ್ರಾಸವಾಗಿ 'ಪೋರ್ಕ್ ಪೈಸ್', ಅಂದರೆ ಹಂದಿಮಾಂಸದ ಕಡುಬು, ತಂದರು. ಆಮೇಲೆ ಪ್ರಾಸ ಇದ್ದ ತುಂಡನ್ನೇ ಕತ್ತರಿಸಿ ಬರೀ 'ಪೋರ್ಕೀಸ್' ಅಂದರು. ಗುಟ್ಟು ತಿಳಿದವನಿಗೆ ಮಾತ್ರ ತಲೆ ಬುಡ. ಬೀದಿ ವ್ಯಾಪಾರಿಗಳ ಇಂಥ ಪ್ರಾಸದಾಟ 1859ರಲ್ಲಿ ಜಾನ್ ಕ್ಯಾಮ್ಡೆನ್ ಹಾಟನ್ ಪ್ರಕಟಿಸಿದ ನಿಘಂಟಿನಲ್ಲೇ ಸಿಗುತ್ತದೆ.

ಈಗಿನ ಮಕ್ಕಳ ಬಾಯಲ್ಲಿ ಅಮೆರಿಕದ ಕಪ್ಪು ಜನರ ಆಡುಮಾತಿನಿಂದ ಬಂದ 'ಕ್ಯಾಪ್' ಇದೆ. ಕ್ಯಾಪ್ ಅಂದರೆ ಸುಳ್ಳು, ನೋ ಕ್ಯಾಪ್ ಅಂದರೆ ದೇವರಾಣೆ. ಟೋಪಿ ಹಾಕೋದರಲ್ಲಿ ನಾವೇ ಮೊದಲಿಗರು ಅಂತ ಅವರಿಗೆ ಯಾರಾದರೂ ಹೇಳಬೇಕು. ಮೊನ್ನೆ ಪಕ್ಕದ ಮನೆಯ ಹುಡುಗ ಬ್ಯಾಟ್ ಎತ್ತಿಕೊಂಡು ಹೊರಟಿದ್ದ. "ಹೋಂವರ್ಕ್ ಆಯ್ತು ಅಜ್ಜಿ, ನೋ ಕ್ಯಾಪ್!" ಅಂದ.

"ಬಿಸಿಲು ಕಣೋ, ಹಾಕ್ಕೊಂಡೇ ಹೋಗು" ಅಂದರು ಅಜ್ಜಿ.