ಸ್ಪಷ್ಟನೆ: ಹೊರದೇಶದ ಸಿಮ್ ಹಾಕಿದರೆ ವಾಟ್ಸಾಪ್ ಹೋಗುವುದಿಲ್ಲ

ಪ್ರವಾಸ ಹೋದ ಕಡೆ ಅಲ್ಲಿನ ಪ್ರಿಪೇಯ್ಡ್ ಸಿಮ್ ಹಾಕಿದರೆ ಹಳೇ ವಾಟ್ಸಾಪ್ ಅಳಿಸಿಹೋಗುತ್ತದೆ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಖಾತೆ ಇರುವುದು ನೀವು ನೋಂದಾಯಿಸಿದ ನಂಬರಿನ ಮೇಲೆ, ಫೋನಿನೊಳಗಿನ ಸಿಮ್ಮಿನ ಮೇಲಲ್ಲ. ನಂಬರ್ ಬದಲಿಸಬೇಕಾ ಎಂದು ಆ್ಯಪ್ ಕೇಳಿದರೆ ಬೇಡ ಅನ್ನಿ, ಅಷ್ಟೇ. ಸುಮ್ನೆ ಆ್ಯಪ್ ತೆಗೆದು ಮತ್ತೆ ಹಾಕಲು ಹೋಗಬೇಡಿ. ಆಗ ಕೋಡ್ ಬರುವುದು ಹಳೇ ನಂಬರಿಗೆ, ಆ ಸಿಮ್ ಚೀಲದ ಮೂಲೆಯಲ್ಲಿದ್ದರೆ ಪೇಚಾಟ.

ನಿಜವಾದ ತಲೆನೋವು ಬ್ಯಾಂಕಿನ ಒಟಿಪಿ. ಅದೂ ಹಳೇ ನಂಬರಿಗೇ ಅಲ್ವಾ? ಫೋನಿನಲ್ಲಿ ಎರಡು ಸಿಮ್ ಹಿಡಿದರೆ ಹಳೆಯದನ್ನೂ ಇಟ್ಟುಕೊಳ್ಳಿ. ಹೊರಡುವ ಮುಂಚೆ ಅದರ ರೋಮಿಂಗ್ ಚಾಲೂ ಮಾಡಿಸಿ, ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಅಂದಹಾಗೆ, ಪ್ರವಾಸಿಗರ ಇ-ಸಿಮ್‌ಗಳಲ್ಲಿ (ಕಾರ್ಡ್ ಇಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಎಷ್ಟೋ ಬರೀ ಡೇಟಾಗೆ, ಕರೆ ಮಾಡಲು ನಂಬರೇ ಇರುವುದಿಲ್ಲ.