ಡಿಶ್ ತಿರುಗಿಸದೆ ಫ್ರೀ ಡಿಶ್ ಬರುವುದಿಲ್ಲ

‘ಹಳೆಯ ಟಾಟಾ ಸ್ಕೈ ಡಿಶ್‌ಗೆ ಫ್ರೀ ಡಿಶ್ ಬಾಕ್ಸ್ ಜೋಡಿಸಿದರೆ ಸಾಕು’ ಎಂಬ ಮಾತು ಅರ್ಧ ಮಾತ್ರ ನಿಜ. ತಟ್ಟೆ, ಕೇಬಲ್ ಉಪಯೋಗಕ್ಕೆ ಬರುತ್ತವೆ. ಎಲ್‌ಎನ್‌ಬಿ (ತಟ್ಟೆಯ ಮುಂದೆ ಸಂಕೇತ ಹಿಡಿಯುವ ಪುಟ್ಟ ಡಬ್ಬಿ) ಮೇಲೆ 9750/10600 ಎಂದಿದ್ದರೆ ಅದೂ ಸರಿ. ಆದರೆ ಟಾಟಾದ ಉಪಗ್ರಹ 83 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ದೂರದರ್ಶನದ ಉಚಿತ ಸೇವೆಯಾದ ಡಿಡಿ ಫ್ರೀ ಡಿಶ್‌ನ ಉಪಗ್ರಹ ಜಿಸ್ಯಾಟ್-15 ಇರುವುದು 93.5ರಲ್ಲಿ.

ಬೆಂಗಳೂರಿನಲ್ಲಾದರೆ ಡಿಶ್ಶನ್ನು ಪೂರ್ವದ ಕಡೆಗೆ ಸುಮಾರು 29 ಡಿಗ್ರಿ ತಿರುಗಿಸಿ, 7 ಡಿಗ್ರಿಯಷ್ಟು ತಗ್ಗಿಸಬೇಕು. ಹಲವರು ಮರೆಯುವುದು ಎಲ್‌ಎನ್‌ಬಿಯನ್ನು: ಅದನ್ನೂ ಹಿಡಿಕೆಯೊಳಗೆ ಸುಮಾರು 28 ಡಿಗ್ರಿ ಹೊರಳಿಸದಿದ್ದರೆ ಸಂಕೇತದ ಗುಣಮಟ್ಟ ಕುಸಿದು ಚಿತ್ರ ಒಡೆಯುತ್ತದೆ.

ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಷನ್ ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ, ಡಿಶ್ಶನ್ನು ಕೂದಲೆಳೆಯಷ್ಟೇ ಸರಿಸುತ್ತ ‘ಕ್ವಾಲಿಟಿ’ ಪಟ್ಟಿ ನೋಡಿ. ‘ಸ್ಟ್ರೆಂತ್’ ನಂಬಬೇಡಿ, ಡಿಶ್ ಗೋಡೆಯತ್ತ ನೋಡುತ್ತಿದ್ದರೂ ಅದು ತುಂಬಿಯೇ ಇರಬಹುದು.