ಬಿಚ್ಚಲು ಕೊಟ್ಟ ವಾಚು

ಕೊಡಗಿನಲ್ಲಿ ಕೋವಿ ಶುಚಿ ಮಾಡೋದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಹತ್ತಿರ ಬಂದರೆ ಸಾಕು, ಎಣ್ಣೆ, ಬಟ್ಟೆಚೂರು, ಉದ್ದನೆ ಕಡ್ಡಿ ಎಲ್ಲ ಜಗಲಿಗೆ ಬರುತ್ತವೆ. ನಳಿಗೆ ಒರೆಸಿ, ಬೆಳಕಿನ ಕಡೆ ಹಿಡಿದು, ಒಂದು ತುದಿಗೆ ಕಣ್ಣಿಟ್ಟರೆ ಒಳಗೆ ತುಕ್ಕು ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ಯಾರನ್ನೂ ನಂಬುವ ಪ್ರಶ್ನೆಯೇ ಇಲ್ಲ.

ಕೈಗಡಿಯಾರದ ಕತೆ ಹಾಗಲ್ಲ. ಜೀವಮಾನವಿಡೀ ಮಣಿಕಟ್ಟಿಗೆ ಕಟ್ಟಿಕೊಂಡು ಓಡಾಡಿದವರಿಗೂ ಅದರ ಮುಚ್ಚಳದ ಹಿಂದೆ ಏನಿದೆ ಅಂತ ಗೊತ್ತಿರುವುದಿಲ್ಲ. ಅದನ್ನು ನೋಡುವ ಹಕ್ಕು ಒಬ್ಬನಿಗೇ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪುಟ್ಟ ಗಾಜಿನ ಗೂಡಿನ ಹಿಂದೆ ತಲೆ ತಗ್ಗಿಸಿ ಕೂತವನಿಗೆ.

ನಮ್ಮ ಮನೆಯಲ್ಲಿ ಇರೋದು ದೊಡ್ಡಪ್ಪನ ಒಮೆಗಾ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಸೇನೆಗೆ ಹೋದವರಿಲ್ಲದ ಊರು ಇಲ್ಲಿ ಹುಡುಕಿದರೂ ಸಿಗೋದು ಕಷ್ಟ. ಹಾಗೆ ಹೋದವರ ಟ್ರಂಕಿನಲ್ಲಿ ಕಂಬಳಿ, ಪದಕಗಳ ಜೊತೆ ಇಂಥದ್ದೊಂದು ವಾಚೂ ಇರುತ್ತದೆ. 1956ರಿಂದ 1967ರವರೆಗೆ ಗಾಜಾದಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ಇತ್ತು, ಅದರಲ್ಲಿ ಭಾರತದ ಸೈನಿಕರೂ ಇದ್ದರು. ದೊಡ್ಡಪ್ಪ ಅಲ್ಲಿಗೆ ಹೋಗಿ ಬರುವಾಗ ತಂದದ್ದು ಇದು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಹೊರಟಿದ್ದು 1961ರಲ್ಲಿ. ಅದಕ್ಕೂ ಮೊದಲು ಒಳ್ಳೆ ವಾಚು ಅಂದರೆ ಹೊರದೇಶದ್ದೇ. ಹಾಗಾಗಿ ಊರಿಗೆ ಬಂದ ಹೊಸದರಲ್ಲಿ ದೊಡ್ಡಪ್ಪನಿಗಿಂತ ಅವರ ಕೈಗೇ ಜಾಸ್ತಿ ಮರ್ಯಾದೆ ಇತ್ತಂತೆ. ಮದುವೆ ಮನೆಗಳಲ್ಲಿ ಮುಹೂರ್ತದ ಹೊತ್ತಿಗೆ ಪುರೋಹಿತರು ಅವರ ಕಡೆ ತಿರುಗುತ್ತಿದ್ದರು ಅಂತ ದೊಡ್ಡಮ್ಮ ಈಗಲೂ ಹೇಳುತ್ತಾರೆ. ಎಷ್ಟು ನಿಜವೋ.

ಈ ವಾಚನ್ನು ಸರ್ವೀಸಿಗೆ ಕೊಡಬೇಕು ಅಂದಾಗ ದೊಡ್ಡಮ್ಮ ಹೇಳಿದ ಮೊದಲ ಮಾತು: "ಕಲ್ಲು ಎಷ್ಟಿದೆ ಅಂತ ಎಣಿಸಿ ಕೊಡು ಮಗ. ವಾಪಸ್ ತಗೊಳ್ಳುವಾಗಲೂ ಎಣಿಸು."

ಇದು ಅವರೊಬ್ಬರ ಭಯ ಅಲ್ಲ. ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಅಚ್ಚಾಗಿದ್ದ ಕಾಲದಿಂದಲೂ ವಾಚ್ ರಿಪೇರಿಯವರ ಮೇಲೆ ಈ ಅನುಮಾನ ಇದ್ದೇ ಇದೆ. ಒಳಗಿನ ಮಾಣಿಕ್ಯ ಕಿತ್ತುಕೊಂಡು ಗಾಜು ಕೂರಿಸಿಬಿಡುತ್ತಾರೆ ಅಂತ. ಅಲ್ಲಿರೋದು ಮಾಣಿಕ್ಯವೇ ಹೌದು. ಆದರೆ ಕಾರ್ಖಾನೆಯಲ್ಲಿ ಬೆಳೆಸಿದ್ದು. ವೆರ್ನೊಯ್ ಎಂಬ ಫ್ರೆಂಚ್ ವಿಜ್ಞಾನಿ 1902ರಲ್ಲೇ ಪುಡಿಯನ್ನು ಬೆಂಕಿಯಲ್ಲಿ ಕರಗಿಸಿ ಮಾಣಿಕ್ಯ ಮಾಡುವ ವಿಧಾನ ತೋರಿಸಿಕೊಟ್ಟ. ಆಮೇಲೆ ವಾಚಿನ ಕಲ್ಲಿಗೆ ಬೆಲೆ ಅನ್ನೋದೇ ಉಳಿಯಲಿಲ್ಲ. ಚಕ್ರದ ಸೂಜಿಮೊನೆ ಸವೆಯದೆ ತಿರುಗಲಿ, ಒಂದು ಹನಿ ಎಣ್ಣೆ ಅಲ್ಲೇ ನಿಲ್ಲಲಿ ಅಂತ ಅದನ್ನು ಕೂರಿಸೋದು, ಅಷ್ಟೇ. ಕಿತ್ತರೆ ಕಳ್ಳನಿಗೆ ಒಂದು ಕಾಫಿಯ ದುಡ್ಡೂ ಹುಟ್ಟಲ್ಲ. ದೊಡ್ಡಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿ, "ಆದರೂ ಎಣಿಸು" ಅಂದರು.

ನಿಜವಾದ ಮೋಸ ಬೇರೆ ಇದೆ, ಅದರಲ್ಲಿ ಏನೂ ಕಳುವಾಗುವುದಿಲ್ಲ. ಸರ್ವೀಸ್ ಅಂದರೆ ಪ್ರತಿ ಚಕ್ರ, ಪ್ರತಿ ಸ್ಕ್ರೂ ಬಿಚ್ಚಿ, ತೊಳೆದು, ಒಣಗಿಸಿ, ಬೇಕಾದ ಕಡೆ ಮಾತ್ರ ಬೇಕಾದಷ್ಟೇ ಎಣ್ಣೆ ಇಟ್ಟು ಮತ್ತೆ ಜೋಡಿಸೋದು. ಇಡೀ ದಿನದ ಕೆಲಸ. ಸೋಮಾರಿ ಏನು ಮಾಡುತ್ತಾನೆ? ಮುಚ್ಚಳ ತೆಗೆದು, ಹಳೆ ಜಿಡ್ಡಿನ ಮೇಲೆಯೇ ನಾಲ್ಕು ಹನಿ ಹೊಸ ಎಣ್ಣೆ ಬಿಟ್ಟು ಮುಚ್ಚುತ್ತಾನೆ. ಹತ್ತು ನಿಮಿಷ. ವಾಚು ಚೆನ್ನಾಗಿಯೇ ಓಡುತ್ತದೆ. ನಾವೂ ಖುಷಿಯಾಗಿ ದುಡ್ಡು ಕೊಡುತ್ತೇವೆ. ಒಳಗೆ ಎಣ್ಣೆ ಮತ್ತು ಧೂಳು ಸೇರಿ ಅರೆಯುವ ಕೆಲಸ ಶುರುವಾಗಿರುತ್ತದೆ, ಅದು ಗೊತ್ತಾಗೋದು ಎಷ್ಟೋ ಕಾಲದ ಮೇಲೆ. ಆ ಕಾಲದ ಎಷ್ಟೋ ವಾಚುಗಳ ಬ್ಯಾಲೆನ್ಸ್, ಅಂದರೆ ಆಚೀಚೆ ತೂಗಾಡುವ ಚಕ್ರ, ಗಂಟೆಗೆ 18,000 ಸಲ ಬಡಿಯುತ್ತದೆ, ದಿನಕ್ಕೆ 4,32,000. ಅಷ್ಟು ಸಲ ಉಜ್ಜಿದರೆ ಉಕ್ಕು ಉಳಿಯುತ್ತದೆಯೇ? ಎಣ್ಣೆ ಒಣಗಿದ ವಾಚೂ ಹಾಗೆಯೇ, ಸದ್ದಿಲ್ಲದೆ ಓಡುತ್ತಲೇ ಸವೆಯುತ್ತದೆ. "ಓಡ್ತಾ ಇದೆಯಲ್ಲ, ಯಾಕೆ ಬಿಚ್ಚಬೇಕು" ಅನ್ನೋರಿಗೆ ಉತ್ತರ ಇದೇ.

ಇನ್ನು ನಮ್ಮ ಮಳೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜುಲೈ ತಿಂಗಳಲ್ಲಿ ಬೀರುವಿನ ಬಟ್ಟೆಗೆ, ಬೆಲ್ಟಿಗೆ, ವಾಚಿನ ಚರ್ಮದ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ. ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಹಾಗಾದ ತಕ್ಷಣ ಮನೆಯವರು ವಾಚನ್ನು ಅಕ್ಕಿ ಡಬ್ಬಿಗೆ ಹಾಕುತ್ತಾರೆ. ಅಕ್ಕಿ ಏನು ಮಾಡುತ್ತದೋ, ವಾಚಿನ ಸಂದಿಗೆ ನುಗ್ಗುವ ಹೊಟ್ಟಿನ ಪುಡಿಯನ್ನಂತೂ ಕೊಡುತ್ತದೆ. ಈಗಿನ ವಾಚುಗಳಲ್ಲಿ ನೀರು ತಡೆಯುವುದು 30 ಮೀಟರ್ ಅಂತ ಬರೆದಿರುತ್ತದೆ. ಅದನ್ನು ಓದಿ ಈಜಲು ಇಳಿದವರೂ ಇದ್ದಾರೆ. ಅದು ಹೊಸ ವಾಚನ್ನು ಪರೀಕ್ಷೆಯಲ್ಲಿ ಅಲುಗಾಡಿಸದೆ ಇಟ್ಟು ಒತ್ತಡ ಹಾಕಿ ನೋಡಿದ ಲೆಕ್ಕ. ಒಳಗಿನ ರಬ್ಬರ್ ರಿಂಗಿಗೆ ವಯಸ್ಸಾದ ಮೇಲೆ ಆ ಲೆಕ್ಕ ನಡೆಯಲ್ಲ.

ಸೋಮಾರಿಯನ್ನಾದರೂ ಸಹಿಸಬಹುದು. ನನಗೆ ಹೆದರಿಕೆ ಉತ್ಸಾಹಿಗಳದ್ದು. ನಮ್ಮ ನೆಂಟರೊಬ್ಬರು ಅವರ ತಂದೆಯ ವಾಚನ್ನು ಒಂದು ಅಂಗಡಿಗೆ ಕೊಟ್ಟಿದ್ದರು. ಊರು ಬೇಡ, ಹೆಸರು ಬೇಡ. ಅಂಗಡಿಯವನಿಗೆ ಮುದುಕ ವಾಚಿನ ಮೇಲೆ ಕರುಣೆ ಉಕ್ಕಿತು. ಕೇಸನ್ನು ಪಾಲಿಶ್ ಚಕ್ರಕ್ಕೆ ಹಿಡಿದು ಫಳಫಳ ಮಾಡಿದ. ಚೂಪಾಗಿದ್ದ ಅಂಚುಗಳೆಲ್ಲ ಸೋಪಿನ ಬಿಲ್ಲೆಯ ಹಾಗೆ ದುಂಡಗಾದವು. ಕೆನೆ ಬಣ್ಣಕ್ಕೆ ತಿರುಗಿದ್ದ ಡಯಲ್ ಕೆರೆದು, ಹೊಸದಾಗಿ ಬಣ್ಣ ಹೊಡೆಸಿ, ಅಕ್ಷರ ಅಚ್ಚು ಹಾಕಿಸಿದ. ನೆಂಟರು ವಾಪಸ್ ತಗೊಂಡು ಕಟ್ಟಿಕೊಂಡರು. ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ, ಆದರೆ ಅದು ಅವರಪ್ಪನ ವಾಚಾಗಿ ಉಳಿದಿರಲಿಲ್ಲ. ಹಳೆ ವಾಚು ಸಂಗ್ರಹಿಸುವವರು ಇಂಥವಕ್ಕೆ ಮುಂಬೈ ಸ್ಪೆಷಲ್ ಅಂತ ಹೆಸರಿಟ್ಟಿದ್ದಾರೆ, ಕೈಯಲ್ಲಿ ಮುಟ್ಟಲ್ಲ. ಅಂಗಡಿಯವನದು ತಪ್ಪು ಅನ್ನೋದೂ ಕಷ್ಟ. ಹೊಸದರ ಹಾಗೆ ಮಾಡಿಕೊಡಿ ಅಂತ ಕೇಳುವ ಗಿರಾಕಿಗಳೇ ಜಾಸ್ತಿ ಅಲ್ವಾ?

ಕಂಪನಿಯ ಸರ್ವೀಸ್ ಸೆಂಟರ್ ಆದರೆ ಭಯ ಇಲ್ಲ ಅನ್ನುತ್ತಾರೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಕೊಡಗಿಗೆ ರೈಲಿಲ್ಲ, ವಾಚನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲೇ ಘಟ್ಟದ ತಿರುವು ಇಳಿಯಬೇಕು. ಅಲ್ಲಿ ಎಲ್ಲ ಶಿಸ್ತು. ಸೀರಿಯಲ್ ನಂಬರ್ ಬರೆದುಕೊಳ್ಳುತ್ತಾರೆ, ಫೋಟೋ ತೆಗೆಯುತ್ತಾರೆ, ಜಾಬ್ ಕಾರ್ಡ್ ಕೊಡುತ್ತಾರೆ. ಅಂದಾಜು ವೆಚ್ಚ ನೋಡಿದರೆ ಆ ದುಡ್ಡಿಗೆ ಒಂದು ಒಳ್ಳೆ ಹೊಸ ವಾಚೇ ಬರುತ್ತದೆ. ಹಳೆ ವಾಚುಗಳ ವಿಷಯದಲ್ಲಿ ಕಂಪನಿಗಳಿಗೂ ಬದಲಾಯಿಸುವ ಚಪಲ ಇದೆ, ಹಳೆ ಮುಳ್ಳು ತೆಗೆದು ಹೊಸ ಮುಳ್ಳು ಹಾಕಿ ಕಳಿಸಿಯಾರು. ಇನ್ನೊಂದು ಕಡೆ, ದೊಡ್ಡ ಸ್ವಿಸ್ ಕಂಪನಿಗಳು ಹೊರಗಿನ ಅಂಗಡಿಗಳಿಗೆ ಬಿಡಿಭಾಗ ಕೊಡುವುದನ್ನು ಬಹುಮಟ್ಟಿಗೆ ನಿಲ್ಲಿಸಿವೆ. ಹಾಗಾಗಿ ಊರಿನ ರಿಪೇರಿಯವರು ಸತ್ತ ವಾಚುಗಳ ಡಬ್ಬಿ ಕೆದಕಿ ಭಾಗ ಹುಡುಕಬೇಕು.

ನಮ್ಮ ಊರಿನಲ್ಲಿ ಈಗ ಉಳಿದಿರುವ ವಾಚ್ ರಿಪೇರಿಯವರು ಎಚ್‌ಎಂಟಿ ಕಾಲದವರು. ಆ ಕಾರ್ಖಾನೆಯೇ 2016ರಲ್ಲಿ ಮುಚ್ಚಿತು. ಈಗ ಅವರ ಅಂಗಡಿಯ ಅರ್ಧ ಭಾಗದಲ್ಲಿ ಮಗ ಮೊಬೈಲ್ ಕವರ್ ಮಾರುತ್ತಾನೆ. ಇವರ ಹತ್ತಿರ ಬರುವವರೆಲ್ಲ ಸೆಲ್ ಹಾಕಿಸುವವರೇ. ಜಾಬ್ ಕಾರ್ಡ್ ಗೀಬ್ ಕಾರ್ಡ್ ಇಲ್ಲ. ಒಂದು ಚೀಟಿಯ ಮೇಲೆ ನಮ್ಮ ಮನೆ ಹೆಸರು ಬರೆದು ದಾರದಲ್ಲಿ ವಾಚಿಗೆ ಕಟ್ಟುತ್ತಾರೆ. ಫೋನ್ ನಂಬರ್ ಕೇಳಲ್ಲ. ಮನೆ ಗೊತ್ತು, ತೋಟ ಗೊತ್ತು, ದೊಡ್ಡಪ್ಪ ಗೊತ್ತಿತ್ತು. ಏನಾದರೂ ಹೆಚ್ಚುಕಮ್ಮಿ ಆದರೆ ನಾಳೆ ಯಾವುದೋ ಮದುವೆಯಲ್ಲಿ ಎದುರೆದುರು ಊಟಕ್ಕೆ ಕೂರಬೇಕಲ್ಲ. ಆ ಮುಜುಗರದ ಮುಂದೆ ಗ್ರಾಹಕ ನ್ಯಾಯಾಲಯ ಯಾವ ಲೆಕ್ಕ?

ಆದರೂ ನನ್ನ ಅನುಮಾನ ಪೂರ್ತಿ ಹೋಗಿರಲಿಲ್ಲ. ಅದನ್ನು ಅವರು ಬಹುಶಃ ಮುಖದಲ್ಲೇ ಓದಿಕೊಂಡರು. ಮುಚ್ಚಳ ತಿರುಗಿಸಿ ತೆಗೆದು, ಭೂತಗನ್ನಡಿ ನನ್ನ ಕೈಗೆ ಕೊಟ್ಟು, "ಇಲ್ಲಿ ನೋಡಿ ಸಾರ್" ಅಂದರು. ಮುಚ್ಚಳದ ಒಳಮೈಯಲ್ಲಿ ಕೂದಲಿನಷ್ಟು ತೆಳ್ಳಗೆ ಕೆತ್ತಿದ ಗೀಚು ಅಕ್ಷರಗಳು, ಅಂಕಿಗಳು. ಒಂದರ ಪಕ್ಕ ಒಂದು, ಬೇರೆ ಬೇರೆ ಕೈಬರಹ. ವಾಚು ಪೂರ್ತಿ ಬಿಚ್ಚಿ ಜೋಡಿಸಿದವನು ತನ್ನ ಗುರುತು, ತಾರೀಕು ಹೀಗೆ ಗೀಚಿಡುವುದು ಈ ಕಸುಬಿನ ಹಳೆ ಪದ್ಧತಿಯಂತೆ. ಮುಂದೆ ತೆರೆಯುವ ಇನ್ನೊಬ್ಬ ರಿಪೇರಿಯವನಿಗೆ ಮಾತ್ರ ಕಾಣಲಿ ಅಂತ. ದೊಡ್ಡಪ್ಪ ಯಾವ ಯಾವ ಊರಿನ ಪೋಸ್ಟಿಂಗಿನಲ್ಲಿ ಯಾರ ಯಾರ ಹತ್ತಿರ ಇದನ್ನು ಬಿಚ್ಚಿಸಿದ್ದರೋ, ನಮಗೆ ಯಾರಿಗೂ ಗೊತ್ತಿಲ್ಲ. ಒಂದು ಗುರುತು ಇವರದ್ದೇ. ಅದರ ಪಕ್ಕ ಬೆರಳಿಟ್ಟು, "ಆಗ ನನ್ನ ಕಣ್ಣು ಚೆನ್ನಾಗಿತ್ತು" ಅಂದರು.

ಆಮೇಲೆ ವಾಚನ್ನು ಒಂದು ಪುಟ್ಟ ಮೆಷಿನ್ ಮೇಲೆ ಇಟ್ಟರು. ಅದು ಟಿಕ್ ಟಿಕ್ ಸದ್ದು ಕೇಳಿಸಿಕೊಂಡು ಪರದೆಯ ಮೇಲೆ ಚುಕ್ಕಿ ಇಡುತ್ತಾ ಹೋಗುತ್ತದೆ. ಆರೋಗ್ಯವಾಗಿದ್ದರೆ ಚುಕ್ಕಿಗಳೆಲ್ಲ ನೆಟ್ಟಗೆ ಗೆರೆಯಾಗುತ್ತವೆ. ನಮ್ಮದು ಎಳ್ಳು ಚೆಲ್ಲಿದ ಹಾಗೆ ಇತ್ತು. ಪರದೆಯನ್ನು ನನ್ನ ಕಡೆ ತಿರುಗಿಸಿಯೇ ತೋರಿಸಿದರು. "ಕೆಲಸ ಆದ ಮೇಲೆ ಮತ್ತೆ ಇದರ ಮೇಲೆ ಇಟ್ಟು ತೋರಿಸ್ತೇನೆ, ಆಮೇಲೆ ದುಡ್ಡು ಕೊಡಿ."

ನನ್ನ ಅನುಮಾನ ಕರಗಿದ್ದು ಮೆಷಿನ್ನಿನಿಂದಲ್ಲ, ಅವರು ಬೇಡ ಅಂದ ಕೆಲಸಗಳಿಂದ. ಗಾಜು ಬದಲಾಯಿಸೋಣವಾ ಅಂದರೆ, ಗೀರು ಮಾತ್ರ ಇದೆ, ಉಜ್ಜಿದರೆ ಹೋಗುತ್ತದೆ, ಬೇಡ ಅಂದರು. ಬೇಗ ಬೇಕು ಅಂದರೆ, ಮಳೆ ಹಿಡಿದಿದೆ, ಈ ಥಂಡಿ ಗಾಳಿಯನ್ನು ಒಳಗಿಟ್ಟು ಮುಚ್ಚಳ ಹಾಕಲ್ಲ, ಪುತ್ತರಿ ಕಳೆದ ಮೇಲೆ ಕೊಡ್ತೇನೆ ಅಂದರು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಬರೋದು ನವೆಂಬರ್ ಕೊನೆಗೋ ಡಿಸೆಂಬರಿಗೋ. ಅಷ್ಟು ದಿನ ವಾಚು ಅಲ್ಲೇ ಇರಬೇಕಾ ಅಂತ ದೊಡ್ಡಮ್ಮ ಫೋನಿನಲ್ಲಿ ಕೇಳಿದರು. ಎಣಿಸಿದೆಯಾ ಅಂತಲೂ ಕೇಳಿದರು.

ಕೊನೆಗೆ ನಾನೊಂದು ಹಾಳೆ ತಗೊಂಡು ಬರೆದುಕೊಟ್ಟೆ. ಕೇಸಿಗೆ ಪಾಲಿಶ್ ಬೇಡ. ಡಯಲ್ ಮುಟ್ಟುವುದು ಬೇಡ. ಮುಳ್ಳು ಬದಲಾಯಿಸುವುದು ಬೇಡ. ಯಾವ ಭಾಗ ಬದಲಾದರೂ ಮೊದಲು ಹೇಳಬೇಕು, ಹಳೆಯದನ್ನು ವಾಪಸ್ ಕೊಡಬೇಕು. ಅವರು ಭೂತಗನ್ನಡಿ ಮೇಲೆತ್ತಿ, ಹಾಳೆಯನ್ನು ದೂರ ಹಿಡಿದು ನಿಧಾನಕ್ಕೆ ಪೂರ್ತಿ ಓದಿದರು.

"ಎಲ್ಲ ಸರಿ ಸಾರ್. ಕೀ ಕೊಡಬಹುದಾ?"

ಕೊಡಿ ಅಂದೆ. ದಿನಾ ಬೆಳಗ್ಗೆ, ಒಂದೇ ಹೊತ್ತಿಗೆ ಅಂತ ಸೇರಿಸಿದೆ.